ಯಕೃತ್ತಿನ ಕಸಿಯ ಪ್ರಾಣಿಪ್ರಯೋಗಗಳಲ್ಲಿ ರಕ್ತದ ಅಮೈನೋ ಆಮ್ಲಗಳನ್ನು ಏಕೆ ಅಳೆಯುತ್ತಾರೆ?

ಕಸಿ ಮಾಡಿದ ಯಕೃತ್ತು ನಿಜವಾಗಿ ಕೆಲಸ ಆರಂಭಿಸಿದೆಯೇ ಎಂಬುದಕ್ಕೆ ಇವು ನೇರವಾದ ಸುಳಿವು ಕೊಡುತ್ತವೆ. ಫೀನೈಲಲನಿನ್, ಟೈರೋಸಿನ್ ಮತ್ತು ಮೆಥಿಯೋನಿನ್‌ಗಳನ್ನು ಮುಖ್ಯವಾಗಿ ಯಕೃತ್ತೇ ಒಡೆಯುತ್ತದೆ. ಲ್ಯೂಸಿನ್, ಐಸೋಲ್ಯೂಸಿನ್ ಮತ್ತು ವ್ಯಾಲಿನ್‌ಗಳ ವಿಘಟನೆಯ ಮೊದಲ ಹಂತಕ್ಕೆ ಬೇಕಾದ ಕಿಣ್ವವಾದರೋ ಯಕೃತ್ತಿನ ಜೀವಕೋಶಗಳಲ್ಲಿ ತೀರ ಕಡಿಮೆಯಿರುವುದರಿಂದ, ಆ ಹಂತ ಬಹುಪಾಲು ಸ್ನಾಯುಗಳಲ್ಲಿ ನಡೆಯುತ್ತದೆ.

ಹಾಗಾಗಿ ಹಂದಿಯ ಅಥವಾ ಇಲಿಯ ಯಕೃತ್ತನ್ನು ತೆಗೆದು, ಹೊಸದಕ್ಕೆ ರಕ್ತ ಹರಿಸುವವರೆಗಿನ ಅವಧಿಯಲ್ಲಿ, ಯೂರಿಯಾ ತಯಾರಿಕೆ ನಿಂತು ಅಮೋನಿಯಾ ಏರುವುದರ ಜೊತೆಗೆ ಮೊದಲ ಗುಂಪಿನ ಆಮ್ಲಗಳೂ ರಕ್ತದಲ್ಲಿ ಶೇಖರವಾಗುತ್ತವೆ. (ಇಲಿಗಳಲ್ಲಿ ಈ ಅವಧಿಯನ್ನು ಕಿರಿದಾಗಿಸಲು 1979ರಲ್ಲಿ ಕಮಾಡ ಮತ್ತು ಕಾಲ್ನ್ ಎಂಬ ಶಸ್ತ್ರವೈದ್ಯರು ವರದಿ ಮಾಡಿದ ಕಫ್ ವಿಧಾನ, ಅಂದರೆ ರಕ್ತನಾಳವನ್ನು ಹೊಲಿಯುವ ಬದಲು ಪುಟ್ಟ ಕೊಳವೆಯ ಮೂಲಕ ಜೋಡಿಸುವ ಕ್ರಮ, ಬಹಳ ನೆರವಾಯಿತು.) ರಕ್ತ ಹರಿದ ಮೇಲೂ ಅವು ಇಳಿಯದಿದ್ದರೆ ಕಸಿ ವಿಫಲವಾಗುತ್ತಿದೆ ಎಂದು ಶಂಕಿಸಬೇಕು. ಹಾನಿಗೊಂಡ ಯಕೃತ್ತಿನ ಜೀವಕೋಶಗಳಿಂದ ರಕ್ತಕ್ಕೆ ಸೋರುವ ಟ್ರಾನ್ಸ್‌ಅಮಿನೇಸ್ ಕಿಣ್ವಗಳು ಆ ಜೀವಕೋಶಗಳಿಗಾದ ಹಾನಿಯನ್ನಷ್ಟೇ ಸೂಚಿಸುವುದರಿಂದ, ಎರಡನ್ನೂ ಒಟ್ಟಿಗೆ ಅಳೆಯುವುದೇ ಸರಿ ಎಂಬುದು ನನ್ನ ಅಭಿಪ್ರಾಯ.