ಬಲೆ ಬೀಸಿದ ಕಡೆ ಸಿಕ್ಕವರು
ರಾಣೆಬೆನ್ನೂರಿನ ಓದುಗರೊಬ್ಬರು ಬರೆದಿದ್ದಾರೆ: "ಡ್ರಗ್ಸ್ ಚಟದವರಿಗೆ ಬುದ್ಧಿ ಹೇಳಿ ಫಲವಿಲ್ಲ. ಹಿಡಿದು ಕೂಡಿಹಾಕಿ ಚಿಕಿತ್ಸೆ ಕೊಡಿಸಿ. ಎಲ್ಲರೂ ಒಂದೇ ಥರ, ಕೆಲಸವಿಲ್ಲದ ಪೋಲಿ ಹುಡುಗರು."

ಸಂಪಾದಕರ ಉತ್ತರ: ನಿಮ್ಮ ಸಿಟ್ಟು ಅರ್ಥವಾಗುತ್ತದೆ ಸಾರ್. ಅಮೆರಿಕ ಸರ್ಕಾರ 1935ರಲ್ಲಿ ಕೆಂಟಕಿ ರಾಜ್ಯದ ಲೆಕ್ಸಿಂಗ್ಟನ್‌ನಲ್ಲಿ ಡ್ರಗ್ಸ್ ಚಟದವರಿಗಾಗಿಯೇ ಒಂದು ಆಸ್ಪತ್ರೆ ತೆರೆಯಿತು. ಅರ್ಧ ಆಸ್ಪತ್ರೆ, ಅರ್ಧ ಜೈಲು. ತಾವಾಗಿ ಬಂದವರಲ್ಲಿ ಹೆಚ್ಚಿನವರು ಚಿಕಿತ್ಸೆ ಮುಗಿಯುವ ಮೊದಲೇ ಗಂಟುಮೂಟೆ ಕಟ್ಟುತ್ತಿದ್ದರು. ಇದು ನಿಮ್ಮ ಪರವಾದ ಮಾತು, ಒಪ್ಪಿದೆ.

ಆದರೆ "ಒಂದೇ ಥರ" ಅಂದಿರಲ್ಲ, ಅದನ್ನು ಸುಮ್ನೆ ಬಿಡಲಾರೆ. ಅಲ್ಲಿಗೆ ಮೊದಮೊದಲು ಬಂದವರಲ್ಲಿ ದಕ್ಷಿಣದ ರಾಜ್ಯಗಳ ನಡುವಯಸ್ಸಿನ ಬಿಳಿಯರು ಬಹಳ ಮಂದಿ. ಅವರದು ಮಾರ್ಫಿನ್ ಚಟ. ನೋವಿಗೆ ಬರೆದುಕೊಟ್ಟ ಔಷಧವೇ ಕೆಲವರಿಗೆ ಅಂಟಿಕೊಂಡಿತ್ತು. ಚಟ ಹತ್ತಿದ ಡಾಕ್ಟರುಗಳೂ ಇದ್ದರು! ಎರಡನೇ ಮಹಾಯುದ್ಧ ಮುಗಿದ ಮೇಲೆ ಮುಖಗಳೇ ಬದಲಾದವು. ನ್ಯೂಯಾರ್ಕ್, ಶಿಕಾಗೊ ಕಡೆಯ ಹರೆಯದವರು, ಕಪ್ಪು ಜನ, ಪೋರ್ಟೊರಿಕೊ ಮೂಲದವರು ಜಾಸ್ತಿಯಾದರು. ಅವರದು ಹೆರಾಯಿನ್. ಡಾಕ್ಟರನ್ನು ಬೀದಿಯಲ್ಲಿ ನಿಲ್ಲಿಸಿ ಜೇಬು ತಡಕುವ ಪೊಲೀಸರು ಎಲ್ಲಿದ್ದಾರೆ ಹೇಳಿ? ಬಲವಂತದ ಕೇಂದ್ರಕ್ಕೆ ಬಂದವರ ಪಟ್ಟಿ ನೋಡಿದರೆ ಬಲೆ ಎಲ್ಲಿ ಬೀಸಿದರು ಅಂತ ಗೊತ್ತಾಗುತ್ತದೆ. ಕಾಯಿಲೆ ಯಾರಿಗಿದೆ ಅಂತ ಗೊತ್ತಾಗುವುದಿಲ್ಲ.

ಸ್ಯಾಕ್ಸೊಫೋನ್ ವಾದಕ ಸನ್ನಿ ರಾಲಿನ್ಸ್ ಗೊತ್ತಲ್ವಾ? 1955ರಲ್ಲಿ ತಾವಾಗಿಯೇ ಹೋಗಿ ಅಲ್ಲಿ ಸೇರಿದರು, ಚಟ ಬಿಟ್ಟರು. ಹೊರಬಂದು ಶಿಕಾಗೊದಲ್ಲಿ ಕಸ ಗುಡಿಸುವ ಕೆಲಸ ಮಾಡಿ, ಆಮೇಲೆ ಸಂಗೀತಕ್ಕೆ ಮರಳಿದರು. ನೀವು ಹೇಳುವ ಪೋಲಿಗಳ ಸಾಲಿಗೆ ಅವರನ್ನೂ ಸೇರಿಸೋಣವೇ?

ನಮ್ಮಲ್ಲೂ ಬಲವಂತಕ್ಕೆ ದಾರಿ ಇಲ್ಲವೆಂದಲ್ಲ. ತನಗೋ ಇತರರಿಗೋ ಅಪಾಯ ತರುವ ಸ್ಥಿತಿಯಲ್ಲಿರುವವರನ್ನು ಹತ್ತಿರದವರ ಕೋರಿಕೆಯ ಮೇಲೆ, ಇಬ್ಬರು ತಜ್ಞರು ನೋಡಿ ಒಪ್ಪಿದರೆ, ಮೊದಲಿಗೆ 30 ದಿನದವರೆಗೆ ದಾಖಲಿಸಿಕೊಳ್ಳಲು 2017ರ ಮಾನಸಿಕ ಆರೋಗ್ಯ ಕಾಯ್ದೆ ಬಿಡುತ್ತದೆ. ಮಾದಕ ವಸ್ತುಗಳ ಕುರಿತ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಮು ಇನ್ನೂ ಉದಾರಿ. ಅಲ್ಪ ಪ್ರಮಾಣದ ಕೇಸಿನಲ್ಲಿ ಸಿಕ್ಕ ವ್ಯಸನಿ ತಾನಾಗಿ ಚಿಕಿತ್ಸೆಗೆ ಬಂದು ಪೂರ್ತಿ ಮಾಡಿದರೆ ಮೊಕದ್ದಮೆಯಿಂದಲೇ ರಕ್ಷಣೆ. ಇದನ್ನು ಯಾವ ಟಿವಿಯವರು ತೋರಿಸುತ್ತಾರೆ? ಅವರಿಗೆ ಮುಸುಕು ಹಾಕಿದ ಹುಡುಗ ಸಿಕ್ಕರೆ ಸಾಕು, ಇಡೀ ಸಂಜೆ ಅದೇ.

ಇನ್ನು ಹೆಂಡದ ಮಾತು. ಕುಡಿತಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಚಿಕಿತ್ಸೆ ಸಿಕ್ಕಿದೆ ಅಂತ 2019ರ ರಾಷ್ಟ್ರೀಯ ಸಮೀಕ್ಷೆ ಹೇಳಿತು. ಉಳಿದ 37 ಜನರನ್ನು ಹಿಡಿದು ತರುವ ಮಾತು ಯಾರೂ ಎತ್ತುವುದಿಲ್ಲ. ಅವರು ಕೊಟ್ಟ ದುಡ್ಡಲ್ಲಿ ಖಜಾನೆ ತುಂಬಬೇಕಲ್ಲ. ಮುಂದಿನ ಪತ್ರವನ್ನು ಅಬಕಾರಿ ಸಚಿವರಿಗೇ ಬರೆಯಿರಿ, ಪ್ರತಿ ನಮಗೂ ಕಳಿಸಿ.