ಎರಡು ಬನಿಯನ್ ತೊಟ್ಟ ಹುಡುಗ

(ಗುರುತು ಸಿಗದಂತೆ ಹೆಸರು, ವಿವರಗಳನ್ನು ಬದಲಿಸಲಾಗಿದೆ.)

ಹತ್ತನೇ ತರಗತಿಗೆ ಕಾಲಿಡಲಿದ್ದ ಹದಿನೈದರ ಕಿರಣನನ್ನು ಬೇಸಗೆ ರಜೆಯಲ್ಲಿ ಆಪ್ತಸಮಾಲೋಚಕನಾದ ನನ್ನ ಬಳಿಗೆ ಕರೆತಂದವರು ಅವನ ತಾಯಿ. ಮಾತೆತ್ತಿದರೆ ರೇಗುತ್ತಾನೆ, ಉಂಡ ತಟ್ಟೆ ಎತ್ತುವುದಿಲ್ಲ, ಜೀವದಂತಿದ್ದ ಕಬಡ್ಡಿ ಬಿಟ್ಟಿದ್ದಾನೆ. ಸಹಪಾಠಿ ಹುಡುಗನೊಡನೆ ಮಾತನಾಡಿದಳೆಂದು ತಂಗಿಯ ಕೆನ್ನೆಗೆ ಹೊಡೆದಿದ್ದಾನೆ. "ಮೊದಲು ಹೀಗಿರಲಿಲ್ಲ ಸರ್. ಭಾನುವಾರ ನನ್ನ ಪಕ್ಕ ಕುಳಿತು ರೊಟ್ಟಿ ತಟ್ಟುತ್ತಿದ್ದ" ಎಂದರು.

ತಾಯಿಯನ್ನು ಹೊರಗೆ ಕೂರಿಸಿ ಕೇಳಿದಾಗ ಹುಡುಗ ಪಾಠ ಒಪ್ಪಿಸಿದಂತೆ ಹೇಳಿದ: ಗಂಡಸು ಅಳಬಾರದು, ಅಡುಗೆಮನೆಗೆ ಹೋಗಬಾರದು, ಮನೆಯ ಹೆಣ್ಣುಮಕ್ಕಳನ್ನು ಹದ್ದುಬಸ್ತಿನಲ್ಲಿಡಬೇಕು. ಅರ್ಧ ಅಪ್ಪನಿಂದ ಬಂದದ್ದು, ಉಳಿದದ್ದು ಮೊಬೈಲಿನ ರೀಲ್ಸ್‌ನಿಂದ. ಇಂಥದ್ದು ಕಿವಿಗೆ ಬಿದ್ದ ಕೂಡಲೇ ಉಪದೇಶಕ್ಕೆ ಇಳಿಯುವ ಚಪಲ ನಮ್ಮ ವೃತ್ತಿಯವರಿಗೆ ಇದ್ದೇ ಇದೆ. ನಾನು ಅತ್ತ ಹೋಗಲಿಲ್ಲ. ಆ ಸೆಖೆಯಲ್ಲೂ ಅವನು ಅಂಗಿಯೊಳಗೆ ಎರಡು ಬನಿಯನ್ ತೊಟ್ಟು, ಬೆನ್ನು ಬಾಗಿಸಿ, ಎದೆಗೆ ಬ್ಯಾಗ್ ಅವುಚಿಕೊಂಡು ಕುಳಿತಿದ್ದ. ಅದು ನನಗೆ ಹೆಚ್ಚು ಹೇಳಿತು.

ಎರಡನೇ ಭೇಟಿಯಲ್ಲಿ ಬಾಯಿಬಿಟ್ಟ. ಎಡ ಮೊಲೆತೊಟ್ಟಿನ ಕೆಳಗೆ ನಾಣ್ಯದಗಲದ ಗಂಟು, ಮುಟ್ಟಿದರೆ ನೋವು. ಕಬಡ್ಡಿ ಅಂಗಳದಲ್ಲಿ ಅದನ್ನು ಕಂಡ ಗೆಳೆಯರು ಹುಡುಗಿಯ ಹೆಸರಿಟ್ಟು ಕರೆಯತೊಡಗಿದ್ದರು. ಮೀಸೆಯೂ ಚಿಗುರಿರಲಿಲ್ಲ. "ನಾನು ಗಂಡಸಾಗುವುದೇ ಇಲ್ಲವೇನೋ ಸರ್" ಎಂದವನು, ಬಾಗಿಲು ಮುಚ್ಚಿದೆಯೇ ಎಂದು ತಿರುಗಿ ನೋಡಿಕೊಂಡು ಅತ್ತ. ಜಿಮ್‌ನಲ್ಲಿ ಪರಿಚಯವಾದ ಅಣ್ಣನೊಬ್ಬ ಇಂಜೆಕ್ಷನ್ ಕೊಡಿಸುವುದಾಗಿ ಹೇಳಿದ್ದ. ಇವನು ದುಡ್ಡು ಕೂಡಿಸುತ್ತಿದ್ದ.

ಹಾಗಾಗಿ ಮೊದಲು ದೇಹದ ಮಾತು. ಹರೆಯಕ್ಕೆ ಬರುವ ಹುಡುಗರಲ್ಲಿ ಅರ್ಧದಷ್ಟು ಮಂದಿಗೆ ಎದೆಯಲ್ಲಿ ಇಂಥ ಗಂಟು ಹೆಚ್ಚೋ ಕಡಿಮೆಯೋ ಆಗಿಯೇ ಆಗುತ್ತದೆ. ಹೆಣ್ಣಿನ ಹಾರ್ಮೋನು ಎಂದು ಕರೆಯುವ ಈಸ್ಟ್ರೋಜನ್ ಗಂಡು ದೇಹದಲ್ಲೂ ಇರುತ್ತದೆ. ಹಾರ್ಮೋನುಗಳು ಹದಕ್ಕೆ ಬರುವ ತನಕದ ಏರುಪೇರು ಇದು. ಸಾಮಾನ್ಯವಾಗಿ 6 ತಿಂಗಳಿಂದ 2 ವರ್ಷದೊಳಗೆ ತಾನಾಗಿ ಕರಗುತ್ತದೆ. ಹುಡುಗರಲ್ಲಿ ಹರೆಯ 9ರಿಂದ 14 ವರ್ಷದ ನಡುವೆ ಯಾವಾಗ ಬೇಕಾದರೂ ಶುರುವಾಗಬಹುದು, ಮೀಸೆ ಗಡ್ಡ ಬರುವುದು ಕೊನೆಯ ಹಂತದಲ್ಲಿ. ಇನ್ನು ಆ ಇಂಜೆಕ್ಷನ್. ಅದು ಸ್ನಾಯು ಉಬ್ಬಿಸಲು ಬಳಸುವ ಅನಬಾಲಿಕ್ ಸ್ಟೆರಾಯ್ಡ್ ಆಗಿದ್ದರೆ ವೃಷಣ ಕುಗ್ಗಬಹುದು, ಎಲುಬು ಬೇಗ ಕೂಡಿಕೊಂಡು ಎತ್ತರ ನಿಂತುಹೋಗಬಹುದು. ದೇಹ ಅದರಲ್ಲಿ ಒಂದು ಪಾಲನ್ನು ಈಸ್ಟ್ರೋಜನ್ ಆಗಿ ಮಾರ್ಪಡಿಸುವುದರಿಂದ ಎದೆ ಇನ್ನಷ್ಟು ಬೆಳೆಯಲೂಬಹುದು. ಇದನ್ನು ಕೇಳಿ ಹುಡುಗ ನಕ್ಕ, ನಮ್ಮಲ್ಲಿಗೆ ಬಂದ ಮೇಲೆ ಮೊದಲ ಬಾರಿಗೆ. ಆದರೂ ವೈದ್ಯರಿಂದ ಪರೀಕ್ಷೆ ಮಾಡಿಸಿದೆವು, ಬೇರೇನೂ ಇರಲಿಲ್ಲ. ಗಂಟು ಬೇಗ ದೊಡ್ಡದಾದರೆ, ತೊಟ್ಟಿನಿಂದ ದ್ರವ ಬಂದರೆ, ವೃಷಣದಲ್ಲಿ ಗಡ್ಡೆ ಸಿಕ್ಕರೆ ತಡಮಾಡದೆ ತೋರಿಸಬೇಕು.

ಹೊಡೆತದ ವಿಷಯದಲ್ಲಿ ನಾನು ಮೃದುವಾಗಲಿಲ್ಲ. ಅವಮಾನ ಮಾಡಿದವರು ಗೆಳೆಯರು, ಪೆಟ್ಟು ತಿಂದವಳು ತಂಗಿ. ಅವರಿಗಿಂತ ಅವಳು ಸುಲಭವಾಗಿ ಸಿಕ್ಕಳು, ಅಷ್ಟೇ. ಅವನಿಗೆ ಹಾಗೆಯೇ ಹೇಳಿದೆ. ಕ್ಷಮೆ ಕೇಳಬೇಕು, ಅವಳ ಗೆಳೆತನಕ್ಕೆ ಕಾವಲು ಕೂರುವುದನ್ನು ಬಿಡಬೇಕು ಎಂದೆ. ಸಿಟ್ಟು ಏರಿದಾಗ ಮನೆಯಿಂದ ಹೊರಗೆ ಒಂದು ಸುತ್ತು ನಡೆದು ಬಾ ಎಂದೆ. ಮನಸ್ಸು ತೀರಾ ಕುಗ್ಗಿದ ದಿನ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಲು ಹೇಳಿದೆ. ಹಗಲು ರಾತ್ರಿ ಕನ್ನಡದಲ್ಲೇ ಮಾತನಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.

ತಂದೆಯನ್ನು ಕರೆಸುವುದೇ ಕಷ್ಟವಾಯಿತು. "ಹೆಂಗಸಿನ ಹಾಗೆ ಅಳುತ್ತೀಯಾ" ಎಂಬ ಮಾತನ್ನು ಕೈಬಿಡಿ, ಹರೆಯದಲ್ಲಿ ನಿಮಗಾದ ಪೇಚಾಟ ಒಂದನ್ನಾದರೂ ಮಗನಿಗೆ ಹೇಳಿ ಎಂದೆ. "ನಮಗೆ ಯಾರು ಹೇಳಿದ್ದರು ಸರ್?" ಎಂದರು. ಯಾರೂ ಹೇಳಲಿಲ್ಲವಲ್ಲ, ಹಾಗಾಗಿಯೇ ನೀವು ಹೇಳಿ ಎಂದೆ. ಹೇಳಿದರೋ ಇಲ್ಲವೋ ಗೊತ್ತಿಲ್ಲ. ವೈದ್ಯರ ಬಳಿಗಂತೂ ಅವರೇ ಕರೆದೊಯ್ದರು.

ಕಿರಣ ಈಗ ಕಬಡ್ಡಿಗೆ ಮರಳಿದ್ದಾನೆ. ತಂಗಿಯ ಕ್ಷಮೆ ಕೇಳಿದ್ದಾನೆ. ಅವಳನ್ನು ಬೇರೆಯಾಗಿ ಕೇಳಿದರೆ, "ಹೊಡೆಯುವುದಿಲ್ಲ ಸರ್, ಆದರೆ ನನ್ನ ಮೊಬೈಲ್ ತೆಗೆದು ನೋಡುವುದು ನಿಂತಿಲ್ಲ" ಎಂದಳು. ಮುಂದಿನ ಭೇಟಿಗೆ ಅಣ್ಣತಂಗಿ ಇಬ್ಬರನ್ನೂ ಒಟ್ಟಿಗೆ ಬರಹೇಳಿದ್ದೇನೆ.