ಅಪ್ಪನ ಕಣ್ಣಿಗೆ ಅಡಿಕೆ ಸೋಗೆ ಹೊಡೆದು ಬಿಳಿ ಚುಕ್ಕೆ ಬಂದಿದೆ, ಕಾರ್ನಿಯಾ ಡಾಕ್ಟರ್ ಹತ್ತಿರ ಹೋದರೆ ಏನು ಮಾಡುತ್ತಾರೆ?

ನಿಮ್ಮ ಪ್ರಶ್ನೆ ಓದಿದೆ. ಒಣ ಸೋಗೆ ನಿಮ್ಮ ತಂದೆಯವರ ಕಣ್ಣಿಗೆ ಹೊಡೆದು ಐದು ದಿನ ಆಗಿದೆ. ಮೆಡಿಕಲ್ ಶಾಪಿನಲ್ಲಿ ಕೊಟ್ಟ ಡ್ರಾಪ್ಸ್ ಹಾಕಿದ್ದೀರಿ. ಮೊದಲೆರಡು ದಿನ ಕೆಂಪು ಇಳಿಯಿತು, ಈಗ ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ ಕಾಣುತ್ತಿದೆ. ಊರಲ್ಲಿ ಕಣ್ಣಿಗೆ ಹೂ ಬಿದ್ದಿದೆ ಅನ್ನುತ್ತಿದ್ದಾರೆ. ತಾಲ್ಲೂಕು ಆಸ್ಪತ್ರೆ ಡಾಕ್ಟರ್ ಕಾರ್ನಿಯಾ ತಜ್ಞರಿಗೆ ತೋರಿಸಿ ಅಂದಿದ್ದಾರೆ. ತಂದೆಯವರು ಮಾತ್ರ ಕೊನೆಕೊಯ್ಲು ಮುಗಿಯಲಿ ಅನ್ನುತ್ತಿದ್ದಾರೆ. ಇದು ಪೊರೆಯಾ, ಆಪರೇಷನ್ ಆಗಲೇಬೇಕಾ, ಕಾರ್ನಿಯಾ ಡಾಕ್ಟರ್ ಅಂದ್ರೆ ಏನೇನು ನೋಡುತ್ತಾರೆ ಅಂತ ಕೇಳಿದ್ದೀರಿ.

ಕೊನೆಕೊಯ್ಲನ್ನು ಯಾರಿಗಾದರೂ ವಹಿಸಿ, ನಾಳೆ ಮೊದಲ ಬಸ್ಸಿಗೇ ಹೊರಡಿ. ಉಳಿದದ್ದನ್ನು ದಾರಿಯಲ್ಲಿ ಓದಿದರೂ ಆಯಿತು.

ನಾನು ಡಾಕ್ಟರ್ ಅಲ್ಲ. ದಾವಣಗೆರೆ ಕಡೆಯ ರೈತ. ನನ್ನ ಬಲಗಣ್ಣಿನಲ್ಲಿರುವ ಕಾರ್ನಿಯಾ ಬೇರೆ ಯಾರದೋ. ತೀರಿಹೋದವರ ಮನೆಯವರು ಅಳುತ್ತಲೇ ಒಪ್ಪಿ ಕೊಟ್ಟದ್ದು. ನಿಮ್ಮ ತಂದೆಗೆ ಆದ ಹಾಗೇ ನನಗೂ ಆಗಿತ್ತು, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲು ಪೊರೆ ವಿಷಯ. ಪೊರೆ ಬರುವುದು ಕಣ್ಣಿನ ಒಳಗಿರುವ ಮಸೂರಕ್ಕೆ, ಪಾಪೆಯ ಹಿಂದೆ. ಸಾಮಾನ್ಯವಾಗಿ ನೋವಿರುವುದಿಲ್ಲ, ನಿಧಾನವಾಗಿ ಬೆಳೆಯುತ್ತದೆ. ಕಾರ್ನಿಯಾ ಅಂದರೆ ಕರಿಗುಡ್ಡೆಯ ಮೇಲೆ ವಾಚಿನ ಗಾಜಿನ ಹಾಗೆ ಕೂತಿರುವ ಪಾರದರ್ಶಕ ಪದರ. ದಪ್ಪ ಸುಮಾರು ಅರ್ಧ ಮಿಲಿಮೀಟರ್ ಅಷ್ಟೇ. ಕಣ್ಣು ಬೆಳಕನ್ನು ಬಗ್ಗಿಸುವ ಶಕ್ತಿಯಲ್ಲಿ ಮೂರರಲ್ಲಿ ಎರಡು ಪಾಲು ಇದರದೇ. ಇದರಲ್ಲಿ ರಕ್ತನಾಳ ಇಲ್ಲ. ಇದ್ದರೆ ಗಾಜಿನ ಹಾಗೆ ತಿಳಿಯಾಗಿ ಇರುತ್ತಿರಲಿಲ್ಲ, ಅಲ್ವಾ? ಅದಕ್ಕೆ ಬೇಕಾದ ಆಮ್ಲಜನಕ ಹೆಚ್ಚಾಗಿ ಸಿಗುವುದು ಕಣ್ಣೀರಿನ ಮೂಲಕ ಗಾಳಿಯಿಂದ. ಹೊಲ, ತೋಟದಲ್ಲಿ ಪೆಟ್ಟು ಬಿದ್ದು, ಕೆಂಪಾಗಿ, ನೀರು ಸುರಿದು, ಬೆಳಕು ನೋಡಲು ಆಗದೆ, ಆಮೇಲೆ ಬಿಳಿ ಚುಕ್ಕೆ ಬಂದರೆ ಅದು ಪೊರೆ ಅಲ್ಲ. ಕಾರ್ನಿಯಾ ಹುಣ್ಣು ಆಗಿರುವ ಸಂಭವವೇ ಜಾಸ್ತಿ.

ಮೇಲುಪದರ ಸುಮ್ನೆ ತರಚಿದರೆ ಒಂದೆರಡು ದಿನದಲ್ಲಿ ತಾನೇ ಕೂಡಿಕೊಳ್ಳುತ್ತದೆ. ಅದರೊಳಗೆ ಸೋಂಕು ಹೊಕ್ಕರೆ ಮಾತ್ರ ಕಷ್ಟ. ಭತ್ತದ ಜೊಳ್ಳು, ಕಬ್ಬಿನ ರವದಿ, ಅಡಿಕೆ ಸೋಗೆ, ಇಂಥ ಗಿಡದ ಚೂರು ತಾಗಿದಾಗ ನಮ್ಮ ಕಡೆ ಫಂಗಸ್ ಹುಣ್ಣು ತುಂಬಾ ಆಗುತ್ತದೆ. ಫಂಗಸ್ ಅಂದರೆ ಬೂಷ್ಟು, ರೊಟ್ಟಿಯ ಮೇಲೆ ಬರುತ್ತದಲ್ಲ, ಅದೇ ಜಾತಿ.

ನನಗೆ ಆದದ್ದು ಒಕ್ಕಣೆ ಸಮಯದಲ್ಲಿ. ಭತ್ತ ತೂರುವಾಗ ಜೊಳ್ಳು ಬಿತ್ತು. ಸೆರಗಿನ ತುದಿಯಿಂದ ತೆಗೆಸಿಕೊಂಡೆ. ರಾತ್ರಿ ಚುಚ್ಚತೊಡಗಿತು. ಪಕ್ಕದ ಮನೆಯ ಅಜ್ಜಿ ನಂದಿಬಟ್ಟಲು ಹೂವಿನ ರಸ ಬಿಟ್ಟರು. ಮಾರನೇ ದಿನ ಪೇಟೆಯ ಒಂದು ಮೆಡಿಕಲ್ ಶಾಪಿನಲ್ಲಿ ಡ್ರಾಪ್ಸ್ ಕೊಟ್ಟರು. ಎರಡು ಹನಿ ಹಾಕಿದರೆ ಸಾಕು, ಕೆಂಪು ಹೋಗುತ್ತಿತ್ತು, ನೋವು ಇಳಿಯುತ್ತಿತ್ತು. ಎಷ್ಟು ಒಳ್ಳೇ ಔಷಧಿ ಅಂದುಕೊಂಡೆ. ಎಂಟನೇ ದಿನ ಕನ್ನಡಿಯಲ್ಲಿ ನೋಡಿಕೊಂಡಾಗ ಪಾಪೆಯ ಕೆಳಗೆ ಒಂದು ಚುಕ್ಕೆ. ಅಂಚು ಹತ್ತಿಯ ಎಳೆ ಬಿಡಿಸಿದ ಹಾಗೆ ಇತ್ತು.

ಆ ಬಾಟಲಿಯಲ್ಲಿ ಇದ್ದದ್ದು ಡೆಕ್ಸಾಮೆಥಾಸೋನ್, ಅಂದರೆ ಸ್ಟೀರಾಯ್ಡ್. ಅದು ಊತ, ಕೆಂಪು ಎರಡನ್ನೂ ಅಡಗಿಸುತ್ತದೆ. ಆದರೆ ಕೆಂಪಾಗುವುದು ದೇಹ ಸೋಂಕಿನ ಜೊತೆ ಹೋರಾಡುತ್ತಿರುವ ಗುರುತು. ಆ ಹೋರಾಟವನ್ನೇ ನಿಲ್ಲಿಸಿದರೆ ಬೂಷ್ಟಿಗೆ ಕಣ್ಣು ಬಿಟ್ಟುಕೊಟ್ಟಂತೆ. ಹಾಗಾಗಿ ನಿಮ್ಮ ಹತ್ತಿರ ಇರುವ ಬಾಟಲಿಯ ಮೇಲೆ ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಪ್ರೆಡ್ನಿಸೋಲೋನ್ ಇಂಥ ಹೆಸರು ಇದೆಯಾ ಈಗಲೇ ನೋಡಿ. ಇದ್ದರೆ ತಾಲ್ಲೂಕು ಡಾಕ್ಟರಿಗೆ ಫೋನ್ ಮಾಡಿ, ನಿಲ್ಲಿಸಬೇಕಾ ಕೇಳಿ. ಬಾಟಲಿ ಬಿಸಾಡಬೇಡಿ. ಖಾಲಿ ಆಗಿದ್ದರೂ ಜೊತೆಗೆ ಒಯ್ಯಿರಿ, ಏನು ಹಾಕಿದ್ದೀರಿ ಅಂತ ತಜ್ಞರಿಗೆ ಗೊತ್ತಾಗಬೇಕು.

ಅಲ್ಲಿ ಏನು ಮಾಡುತ್ತಾರೆ ಹೇಳುತ್ತೇನೆ. ಮೊದಲು ಗಲ್ಲ ಇಟ್ಟು ಕೂರುವ ಯಂತ್ರದಲ್ಲಿ ನೋಡುತ್ತಾರೆ. ಕಿತ್ತಳೆ ಬಣ್ಣದ ಸಣ್ಣ ಕಾಗದದ ಪಟ್ಟಿಯನ್ನು ರೆಪ್ಪೆಯ ಒಳಗೆ ತಾಗಿಸುತ್ತಾರೆ. ನೀಲಿ ಬೆಳಕು ಬಿಟ್ಟರೆ ಗಾಯ ಇರುವ ಜಾಗ ಮಾತ್ರ ಹಸಿರಾಗಿ ಹೊಳೆಯುತ್ತದೆ. ಆಮೇಲೆ ಮರಗಟ್ಟಿಸುವ ಹನಿ ಹಾಕಿ, ಹುಣ್ಣಿನ ಅಂಚನ್ನು ಸಣ್ಣ ಬ್ಲೇಡಿನಿಂದ ಕೆರೆದು ಗಾಜಿನ ಸ್ಲೈಡಿಗೆ ಹಚ್ಚುತ್ತಾರೆ. ಕೆರೆಯುತ್ತಾರೆ ಅಂದ ಕೂಡಲೇ ನಿಮ್ಮ ತಂದೆಯವರು ಹೆದರಬಹುದು. ನೋವು ಆಗುವುದಿಲ್ಲ, ಯಾರೋ ಮುಟ್ಟಿದ ಹಾಗೆ ಅನ್ನಿಸುತ್ತದೆ, ಅಷ್ಟೇ. ಬೇಡ ಅನ್ನಬೇಡಿ. ನನ್ನ ಮಟ್ಟಿಗೆ ಇಡೀ ಚಿಕಿತ್ಸೆಯಲ್ಲಿ ಅತಿ ಮುಖ್ಯವಾದ ಐದು ನಿಮಿಷ ಅದು. ಆ ಸ್ಲೈಡಿಗೆ ಪೊಟ್ಯಾಶಿಯಂ ಹೈಡ್ರಾಕ್ಸೈಡ್ ಹನಿ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಫಂಗಸ್ಸಿನ ಎಳೆಗಳು ಅವತ್ತೇ ಕಾಣಿಸಬಹುದು. ಜೊತೆಗೆ ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಯೂ ಇದೆ, ಅದರ ಫಲಿತಾಂಶಕ್ಕೆ ಕೆಲವು ದಿನ ಬೇಕು. ನನ್ನ ಡಾಕ್ಟರ್ ಆ ಎಳೆಗಳನ್ನು ನನಗೂ ತೋರಿಸಿದರು. ಗಿಡದ ಬೇರಿನ ಹಾಗೆ ಕವಲೊಡೆದಿದ್ದವು. ನನ್ನ ಕಣ್ಣಿನೊಳಗೆ ಬೆಳೆ ಬೆಳೆದಿದೆ ಅನ್ನಿಸಿ ಕೈಕಾಲು ತಣ್ಣಗಾಯಿತು.

ಬ್ಯಾಕ್ಟೀರಿಯಾ ಆದರೆ ಆಂಟಿಬಯೋಟಿಕ್ ಹನಿ. ಫಂಗಸ್ ಆದರೆ ಬಹುತೇಕ ನಟಾಮೈಸಿನ್. ತಮಿಳುನಾಡು, ಪುದುಚೇರಿಯ ಅರವಿಂದ್ ಕಣ್ಣಿನ ಆಸ್ಪತ್ರೆಗಳಲ್ಲಿ ನಡೆದು 2013ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು ಹೊಸ ಔಷಧಿಯಾದ ವೊರಿಕೊನಜೋಲ್ ಹನಿಗಿಂತ ಹಳೆಯ ನಟಾಮೈಸಿನ್ನೇ ಮೇಲು ಅಂತ ತೋರಿಸಿತು. ಹಾಲಿನ ಬಣ್ಣದ ಔಷಧಿ, ಚೆನ್ನಾಗಿ ಕುಲುಕಿ ಹಾಕಬೇಕು. ಮೊದಲ ಕೆಲವು ದಿನ ಗಂಟೆಗೊಮ್ಮೆ. ರಾತ್ರಿಯೂ ಹಾಕಲು ಹೇಳುತ್ತಾರೆ. ನನ್ನ ಹೆಂಡತಿ ಮೊಬೈಲಿನಲ್ಲಿ ಅಲಾರಂ ಇಟ್ಟುಕೊಂಡು ಎದ್ದೆದ್ದು ಹಾಕಿದಳು. ಬೆಳಿಗ್ಗೆ ರೆಪ್ಪೆಗೂದಲಿಗೆಲ್ಲ ಸುಣ್ಣ ಬಳಿದ ಹಾಗೆ ಬಿಳಿ ಅಂಟಿರುತ್ತಿತ್ತು. ಈ ಕೆಲಸ ತಂದೆಯವರೊಬ್ಬರಿಂದ ಆಗುವುದಿಲ್ಲ, ಮನೆಯವರು ಸರದಿ ಮಾಡಿಕೊಳ್ಳಿ. ಫಂಗಸ್ ವಾರಗಟ್ಟಲೆ ಹಿಡಿಯುತ್ತದೆ. ನೋವು ಇಳಿಯಿತು ಅಂತ ಹನಿ ನಿಲ್ಲಿಸಬೇಡಿ.

ಬೇಗ ಹೋದರೆ ಎಷ್ಟೋ ಜನಕ್ಕೆ ಬರೀ ಹನಿಯಲ್ಲೇ ವಾಸಿಯಾಗುತ್ತದೆ, ಆಪರೇಷನ್ ಬೇಕಾಗುವುದಿಲ್ಲ. ಹುಣ್ಣು ಆಳಕ್ಕೆ ಹೋಗಿ ಸಣ್ಣ ತೂತಾದರೆ ವೈದ್ಯಕೀಯ ಅಂಟು ಹಾಕಿ, ಮೇಲೆ ಬ್ಯಾಂಡೇಜಿನಂಥ ಕಾಂಟ್ಯಾಕ್ಟ್ ಲೆನ್ಸ್ ಕೂರಿಸುತ್ತಾರೆ. ಅದಕ್ಕೂ ಮೀರಿದರೆ ಸೋಂಕು ಹತ್ತಿದ ಭಾಗವನ್ನೇ ತೆಗೆದು ದಾನಿಯ ಕಾರ್ನಿಯಾ ಹಾಕಬೇಕು. ಅದು ಕಣ್ಣುಗುಡ್ಡೆ ಉಳಿಸಿಕೊಳ್ಳಲು ಮಾಡುವ ಆಪರೇಷನ್, ದೃಷ್ಟಿಯ ಮಾತು ಆಮೇಲೆ.

ನನ್ನ ಹುಣ್ಣು ಹನಿಯಲ್ಲೇ ಮಾಯಿತು. ಆದರೆ ಪಾಪೆಯ ಎದುರಿಗೇ ದಪ್ಪ ಕಲೆ ಉಳಿಯಿತು. ನಮ್ಮವರು ಹೂ ಅನ್ನುವುದು ಆ ಕಲೆಗೇ. ಕಣ್ಣು ಪೂರ್ತಿ ಶಾಂತವಾಗುವ ತನಕ ಕಾದು, ಒಂದು ವರ್ಷದ ಮೇಲೆ ಕಾರ್ನಿಯಾ ಬದಲಾಯಿಸಿದರು. ಕೂದಲಿಗಿಂತ ಸಣ್ಣ ನೈಲಾನ್ ದಾರದಲ್ಲಿ ಸುತ್ತ 16 ಹೊಲಿಗೆ. ಒಂದೊಂದಾಗಿ ಬಿಚ್ಚಿ ಮುಗಿಸಲು ಒಂದೂವರೆ ವರ್ಷ ಆಯಿತು. ಇದಕ್ಕೆ ರಕ್ತದ ಗುಂಪು ಹೊಂದಬೇಕು ಅಂತೇನಿಲ್ಲ. ಆದರೂ ದೇಹ ತಿರಸ್ಕರಿಸುವ ಅಪಾಯ ಇದ್ದೇ ಇದೆ. ಅದನ್ನು ತಡೆಯಲು ಹಾಕುವ ಹನಿ ಯಾವುದು ಗೊತ್ತಾ? ಅದೇ ಸ್ಟೀರಾಯ್ಡ್. ಮೊದಲು ನನ್ನ ಕಣ್ಣು ಕೆಡಿಸಿದ್ದ ಜಾತಿಯ ಔಷಧಿಯೇ ಈಗ ನನ್ನ ಕಣ್ಣು ಕಾಯುತ್ತಿದೆ. ಒಳಗೆ ಏನಿದೆ ಅಂತ ಕೆರೆದು ನೋಡದೆ ಕೊಟ್ಟಿದ್ದೇ ತಪ್ಪಾಗಿತ್ತು. ಈಗಲೂ ಕಣ್ಣು ಕೆಂಪಾದರೆ, ಬೆಳಕು ಚುಚ್ಚಿದರೆ, ಮಂಜಾದರೆ, ನೋವಾದರೆ, ಈ ನಾಲ್ಕರಲ್ಲಿ ಯಾವುದಾದರೂ ಒಂದು ಬಂದರೆ ಅವತ್ತೇ ಆಸ್ಪತ್ರೆಗೆ ಓಡುತ್ತೇನೆ.

ಕಾರ್ನಿಯಾ ವಿಭಾಗದ ಬೆಂಚಿನಲ್ಲಿ ಇಷ್ಟು ವರ್ಷ ಕೂತು ಬೇರೆಯವರ ಕಷ್ಟವನ್ನೂ ನೋಡಿದ್ದೇನೆ. ವೈರಸ್ ಹುಣ್ಣು ಬಂದವರಿದ್ದರು. ತುಟಿಯ ಮೇಲೆ ಜ್ವರದ ಗುಳ್ಳೆ ಬರುತ್ತದಲ್ಲ, ಅದೇ ಹರ್ಪಿಸ್ ವೈರಸ್. ಕಣ್ಣಿನಲ್ಲಿ ಮರದ ಕೊಂಬೆಯ ಆಕಾರದ ಗಾಯ ಮಾಡುತ್ತದೆ. ಎಸೈಕ್ಲೋವಿರ್‌ನಂಥ ಔಷಧಿಗೆ ಬಗ್ಗುತ್ತದೆ, ಆದರೆ ಮತ್ತೆ ಮತ್ತೆ ಬರುವ ಚಾಳಿ ಇದೆ. ಕಾಂಟ್ಯಾಕ್ಟ್ ಲೆನ್ಸನ್ನು ನಲ್ಲಿ ನೀರಿನಲ್ಲಿ ತೊಳೆದು ಅಕಾಂತಮೀಬಾ ಅನ್ನುವ ಜೀವಿ ಹತ್ತಿಸಿಕೊಂಡ ಒಬ್ಬ ಹುಡುಗಿ ತಿಂಗಳುಗಟ್ಟಲೆ ನೋವು ತಿಂದಳು.

ನನ್ನ ಅಕ್ಕನ ಮಗನಿಗೆ ಕೆರಟೋಕೋನಸ್. ಪಿಯುಸಿ ಓದುವಾಗ ಆರಾರು ತಿಂಗಳಿಗೆ ಕನ್ನಡಕದ ಸಿಲಿಂಡರ್ ನಂಬರ್ ಏರುತ್ತಿತ್ತು. ಅಲರ್ಜಿ ಇತ್ತು, ಮುಷ್ಟಿಯಿಂದ ಕಣ್ಣು ಉಜ್ಜುತ್ತಲೇ ಇರುತ್ತಿದ್ದ. ಕಾರ್ನಿಯಾ ತೆಳುವಾಗಿ ಶಂಕುವಿನ ಹಾಗೆ ಮುಂದಕ್ಕೆ ಉಬ್ಬುವುದು ಈ ತೊಂದರೆ. ಬಣ್ಣದ ನಕ್ಷೆ ತೆಗೆಯುವ ಯಂತ್ರದಲ್ಲಿ ಗೊತ್ತಾಯಿತು. ಹಳದಿ ಬಣ್ಣದ ಬಿ2 ವಿಟಮಿನ್ ಹನಿ ಇಂಗಿಸಿ, ಮೇಲೆ ಅತಿನೇರಳೆ ಬೆಳಕು ಬಿಟ್ಟು ಕಾರ್ನಿಯಾದ ಎಳೆಗಳನ್ನು ಗಟ್ಟಿ ಮಾಡಿದರು. ಕ್ರಾಸ್ ಲಿಂಕಿಂಗ್ ಅನ್ನುತ್ತಾರೆ. ಇದರಿಂದ ನಂಬರ್ ಹೋಗುವುದಿಲ್ಲ, ಮುಂದೆ ಏರುವುದು ನಿಲ್ಲುತ್ತದೆ. ಈಗ ಗಟ್ಟಿ ಲೆನ್ಸ್ ಹಾಕಿಕೊಂಡು ಕೆಲಸಕ್ಕೆ ಹೋಗುತ್ತಾನೆ. ಮನೆಯಲ್ಲಿ ಮಕ್ಕಳು ಕಣ್ಣು ಉಜ್ಜುತ್ತಿದ್ದರೆ ದಯವಿಟ್ಟು ಬಿಡಿಸಿ.

ಮೂಗಿನ ಕಡೆಯಿಂದ ಕರಿಗುಡ್ಡೆ ಮೇಲೆ ಮಾಂಸ ಬೆಳೆಯುವುದನ್ನು ತೆಗೆದು, ಅದೇ ಕಣ್ಣಿನ ಬಿಳಿಭಾಗದ ಮೇಲಿನ ತೆಳು ಪದರದ ಚೂರನ್ನು ಆ ಜಾಗಕ್ಕೆ ಅಂಟಿಸುತ್ತಾರೆ. ಅದು ಅಷ್ಟು ದೊಡ್ಡದಲ್ಲ.

ಸುಣ್ಣ ಮಾತ್ರ ಭಯಂಕರ. ಎಲೆ ಅಡಿಕೆ ಸುಣ್ಣದ ಪ್ಯಾಕೆಟ್ ಒತ್ತಿ ಆಡುತ್ತಿದ್ದ ಮಗುವಿನ ಕಣ್ಣಿಗೆ ಸಿಡಿದು, ಅಪ್ಪ ಎತ್ತಿಕೊಂಡು ಓಡಿ ಬಂದದ್ದನ್ನು ನೋಡಿದ್ದೇನೆ. ಹಾಗಾದರೆ ಆಸ್ಪತ್ರೆಗೆ ಓಡುವ ಮೊದಲು, ನಿಂತಲ್ಲೇ ನೀರಿನಲ್ಲಿ ಕನಿಷ್ಠ ಅರ್ಧ ಗಂಟೆ ತೊಳೆಯಬೇಕು. ರೆಪ್ಪೆ ಅಗಲಿಸಿ, ಒಳಗೆ ಸಿಕ್ಕ ಸುಣ್ಣದ ಚೂರು ಹೋಗುವ ತನಕ. ಮನುಷ್ಯನಿಂದ ಮನುಷ್ಯನಿಗೆ ಮೊದಲ ಬಾರಿ ಯಶಸ್ವಿಯಾಗಿ ಕಾರ್ನಿಯಾ ಹಾಕಿದ್ದು 1905ರಲ್ಲಿ, ಈಗಿನ ಜೆಕ್ ದೇಶದಲ್ಲಿ ಡಾಕ್ಟರ್ ಎಡ್ವರ್ಡ್ ಜಿರ್ಮ್. ಹಾಕಿಸಿಕೊಂಡವನು ಸುಣ್ಣದಿಂದ ಎರಡೂ ಕಣ್ಣು ಸುಟ್ಟುಕೊಂಡಿದ್ದ ಒಬ್ಬ ಕೂಲಿಯವ.

ಈಗ ಪೂರ್ತಿ ಕಾರ್ನಿಯಾ ಬದಲಿಸದೆ, ಕೆಟ್ಟ ಪದರವನ್ನು ಮಾತ್ರ ಬದಲಿಸುವುದೂ ಇದೆ. ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು ತೀರಿಕೊಂಡಾಗ, ಅಣ್ಣಾವ್ರ ಹಾಗೇ ಅವರ ಕಣ್ಣುಗಳೂ ದಾನವಾದವಲ್ಲ, ನಾಲ್ಕು ಜನಕ್ಕೆ ದೃಷ್ಟಿ ಬಂತು ಅಂತ ಕೇಳಿರುತ್ತೀರಿ. ಎರಡು ಕಣ್ಣು ನಾಲ್ವರಿಗೆ ಹೇಗೆ ಅಂತ ನಮ್ಮೂರಲ್ಲಿ ತುಂಬಾ ಜನ ಕೇಳಿದರು. ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ ಒಂದೊಂದು ಕಾರ್ನಿಯಾವನ್ನೂ ಮುಂದಿನ ಪದರ, ಹಿಂದಿನ ಪದರ ಅಂತ ಬಿಡಿಸಿದರು. ಮುಂದಿನದು ಇಬ್ಬರಿಗೆ, ಹಿಂದಿನದು ಇಬ್ಬರಿಗೆ. ಹಿಂದಿನ ಪದರದ ಜೀವಕೋಶಗಳು ಕಾರ್ನಿಯಾದಿಂದ ನೀರು ಹೊರಹಾಕುವ ಪಂಪಿನ ಕೆಲಸ ಮಾಡುತ್ತವೆ. ಸತ್ತರೆ ಮತ್ತೆ ಹುಟ್ಟುವುದಿಲ್ಲ. ಆ ಜೀವಕೋಶ ತೀರಾ ಕಡಿಮೆಯಾದವರಿಗೆ ಬೆಳಿಗ್ಗೆ ಎದ್ದಾಗ ಮಂಜು ಜಾಸ್ತಿ, ಹೊತ್ತು ಏರಿದಂತೆ ಸ್ವಲ್ಪ ತಿಳಿ. ಆ ಪದರವನ್ನು ಗಾಳಿಗುಳ್ಳೆಯಿಂದ ಒತ್ತಿ ಅಂಟಿಸುತ್ತಾರೆ, ರೋಗಿ ಸೂರು ನೋಡುತ್ತಾ ಅಂಗಾತ ಮಲಗಿರಬೇಕು.

ಕಣ್ಣು ದಾನ ತೀರಿಕೊಂಡ ಆರು ಗಂಟೆಯೊಳಗೆ ಆಗಬೇಕು. ಕನ್ನಡಕ ಇದ್ದವರು, ಪೊರೆ ಆಪರೇಷನ್ ಆದವರು, ಸಕ್ಕರೆ ಕಾಯಿಲೆಯವರು ಕೊಡಬಹುದು. ಐಬ್ಯಾಂಕಿನವರು ಬರುವ ತನಕ ಕಣ್ಣು ಮುಚ್ಚಿ, ಮೇಲೆ ಒದ್ದೆ ಹತ್ತಿ ಇಟ್ಟು, ಫ್ಯಾನ್ ಆರಿಸಿ, ತಲೆ ಸ್ವಲ್ಪ ಎತ್ತರದಲ್ಲಿ ಇಡಬೇಕು. ನಮ್ಮ ಮನೆಯಲ್ಲಿ ಎಲ್ಲರೂ ಬರೆದುಕೊಟ್ಟಿದ್ದೇವೆ.

ಎಲ್ಲಿಗೆ ಹೋಗುವುದು ಅಂದರೆ, ಸರ್ಕಾರಿಯಲ್ಲಿ ಬೆಂಗಳೂರಿನ ಮಿಂಟೋ ಇದೆ. ಹತ್ತಿರದ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ಕಾರ್ನಿಯಾ ತಜ್ಞರು ಇದ್ದರೆ ಅಲ್ಲಿಗೇ ಹೋಗಿ, ದೂರದ ಹೆಸರಿಗಾಗಿ ಎರಡು ದಿನ ಕಳೆಯಬೇಡಿ. ಹೊರಡುವ ಮೊದಲು ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿ: "ಹುಣ್ಣು ಕೆರೆದು ಅವತ್ತೇ ಸ್ಲೈಡ್ ನೋಡುತ್ತೀರಾ?"

ದಾರಿಯಲ್ಲಿ ಕಣ್ಣಿಗೆ ಬಟ್ಟೆ ಬಿಗಿದು ಕಟ್ಟಬೇಡಿ, ಉಜ್ಜಲು ಬಿಡಬೇಡಿ. ಹರಳೆಣ್ಣೆ, ಎದೆಹಾಲು, ಹೂವಿನ ರಸ ಏನೂ ಬೇಡ. ಪಿಸುರು ಬಂದರೆ ರೆಪ್ಪೆಯ ಹೊರಗೆ ಮಾತ್ರ ಶುಭ್ರವಾದ ಬಟ್ಟೆಯಿಂದ ಒರೆಸಿ. ಬಿಸಿಲಿಗೆ ಕಪ್ಪು ಕನ್ನಡಕ ಹಾಕಿಸಿ, ಕಿಟಕಿ ಕಡೆ ಕೂರಿಸಬೇಡಿ. ಸ್ಲೈಡಿನಲ್ಲಿ ಏನು ಕಂಡಿತು ಅಂತ ನಾಳೆ ಸಂಜೆ ಇಲ್ಲೇ ಬರೆಯಿರಿ, ನಾನು ನೋಡುತ್ತಿರುತ್ತೇನೆ.